ಪಾಪಕ್ಕ ಎಳೆದ ಗೆರೆ

ಕರ್ಪೂರದ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಎಲ್ಲರಿಗೂ ಭಕ್ತಿ ಬರುವ ಕಡೆ ಇವಳಿಗೆ ಸಿಟ್ಟು ಬರುತ್ತದಲ್ಲ, ಇದೆಂಥ ಹೆಂಗಸಪ್ಪಾ ಎಂದು ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ. ನನ್ನ ಸೊಸೆಯೂ ಅದನ್ನೇ ಅನ್ನುತ್ತಾಳೆ, ಬಿ.ಪಿ. ಮಾತ್ರೆ ಬರೆದುಕೊಡುವ ಡಾಕ್ಟರೂ ಸ್ವಲ್ಪ ಮರ್ಯಾದೆಯಿಂದ ಅದನ್ನೇ ಅನ್ನುತ್ತಾರೆ. ಹೋದ ತಿಂಗಳು ಹೊಸೂರಿನ ಒಂದು ಶಾಲೆಯ ಹಾಲಿನಲ್ಲಿ, ಗುಡಿಯಲ್ಲ, ಮದುವೆ ಮನೆಯಲ್ಲ, ಚಿತ್ರಗಳ ಪ್ರದರ್ಶನದಲ್ಲಿ, ಒಂದು ಫೋಟೋದ ಮುಂದೆ ಯಾರೋ ಕರ್ಪೂರ ಹಚ್ಚಿಟ್ಟಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ಈ ಬರಹಕ್ಕೆ ಕಾರಣ.

ಪ್ರದರ್ಶನಕ್ಕೆ ನನ್ನನ್ನು ಎಳೆದುಕೊಂಡು ಹೋದವಳು ಮೊಮ್ಮಗಳು. ಅವಳು ಓದುತ್ತಿರುವುದು ತಮಿಳು ಶಾಲೆಯಲ್ಲಿ. ನಾನು ಓದಿದ್ದು ತವರೂರು ಗುಮ್ಮಳಾಪುರದಲ್ಲಿ, ಕನ್ನಡದಲ್ಲಿ, ಅದೂ ಮೈನೆರೆಯುವವರೆಗೆ ಮಾತ್ರ. ಹಾಗಾಗಿ ನಾವಿಬ್ಬರೂ ಜೊತೆಯಾಗಿ ಹೊರಟರೆ ಬೋರ್ಡುಗಳನ್ನು ಅವಳು ಓದುತ್ತಾಳೆ, ಜನರ ಮುಖಗಳನ್ನು ನಾನು ಓದುತ್ತೇನೆ. ಕೃಷ್ಣಗಿರಿ ಕಡೆಯ ಒಬ್ಬ ಚಿತ್ರಗಾರ, ಇನ್ನೂ ಮೂವತ್ತು ದಾಟಿರಲಾರ, ನಮ್ಮ ಸೀಮೆಯ ಬೀದಿಗಳ ಹಳೆಯ ಸರ್ಕಾರಿ ಫೋಟೋಗಳನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದ. ತೆಗೆದವನು ಸುಮ್ಮನೆ ಗೋಡೆಗೆ ನೇತುಹಾಕಲಿಲ್ಲ. ಅದೇ ಬೀದಿಗಳಲ್ಲಿ ಈಗ ನಡೆದು, ಎಲ್ಲೂ ನಿಲ್ಲದೆ, ಕೂರದೆ, ಕಂಡದ್ದನ್ನು ತೆಳ್ಳನೆಯ ಹಾಳೆಯ ಮೇಲೆ ನಡೆಯುತ್ತಲೇ ಗೀಚಿ, ಆ ಹಾಳೆಯನ್ನು ಹಳೆಯ ಫೋಟೋದ ಮೇಲೆ ಇಳಿಬಿಟ್ಟಿದ್ದ. ಹಾಳೆಯೊಳಗಿಂದ ಫೋಟೋ ಕಾಣುತ್ತದೆ. ಹೊಸೂರಿನ ಹಳೇ ಜಟಕಾಗಳ ಮೇಲೆ ಇವತ್ತಿನ ಆಟೋಗಳು, ಹೆಂಚಿನ ಮಾಡಿನ ಮೇಲೆ ಇವತ್ತಿನ ಕರೆಂಟು ತಂತಿ. ನಡೆಯುತ್ತಾ ಬರೆದರೆ ಗೆರೆ ನೆಟ್ಟಗಿರುತ್ತದೆಯೇ? ಎಲ್ಲ ಅಂಕುಡೊಂಕು. "ಇದನ್ನೂ ಕಾಲೇಜಲ್ಲಿ ಕಲಿಸ್ತಾರೇನೇ?" ಎಂದು ಗಟ್ಟಿಯಾಗಿ ಕೇಳಿ ಮೊಮ್ಮಗಳ ಕೈಯಲ್ಲಿ ಬೈಸಿಕೊಂಡೆ.

ಹಾಲಿನ ಕೊನೆಯ ಗೋಡೆಯಲ್ಲಿ ನಮ್ಮ ಬೀದಿ ಇತ್ತು. ಕೆಲಮಂಗಲದ ಪೇಟೆ ಬೀದಿ. ನಾನು ಮದುವೆಯಾಗಿ ಬಂದ ಬೀದಿ, ಈಗಲೂ ಇರುವ ಬೀದಿ. ಅದರ ಮುಂದೆ ನಮ್ಮ ಬೀದಿಯ ಹೆಂಗಸರೇ ನಿಂತಿದ್ದರು. ವ್ಯಾನು ಮಾಡಿಕೊಂಡು ಬಂದಿದ್ದರಂತೆ. ನೆಲದ ಮೇಲೆ ಸ್ಟೀಲು ತಟ್ಟೆ, ತಟ್ಟೆಯಲ್ಲಿ ಉರಿಯುವ ಕರ್ಪೂರ, ಎಲ್ಲರೂ ಕೈ ಜೋಡಿಸಿದ್ದರು. ಫೋಟೋದಲ್ಲಿ ಬೀದಿ ಖಾಲಿ. ಎರಡೂ ಕಡೆ ಬೀಗ ಹಾಕಿದ ಬಾಗಿಲುಗಳು. ಪ್ರತಿ ಬಾಗಿಲ ಮುಂದೆ ಬಳ್ಳಿಯ ಹಾಗೆ ಸುತ್ತಿಕೊಂಡು, ಒಂದು ಬಾಗಿಲಿಂದ ಇನ್ನೊಂದಕ್ಕೆ ಹಾದುಹೋದ ಬಿಳಿಯ ರಂಗೋಲಿ. ಬೀದಿಯ ಆ ತುದಿಯಲ್ಲಿ ಬೆಳ್ಳಗೆ, ಮಸುಕಾಗಿ, ಮುಖವಿಲ್ಲದ ಏನೋ ಒಂದು ಬಗ್ಗಿಕೊಂಡಿದೆ.

ಮೊಮ್ಮಗಳು ಕೆಳಗಿನ ತಮಿಳು ಚೀಟಿ ಓದಿದಳು. "ನಡೆದಮ್ಮನ ಹಬ್ಬದ ಬೆಳಗ್ಗೆ, ಕೆಲಮಂಗಲ ಅಂತ ಬರ್ದವ್ರೆ ಅಜ್ಜಿ. ಆ ತುದೀಲಿ ಬೆಳ್ಳಗ್ ಕಾಣ್ತೈತಲ್ಲ, ಅದೇ ಅಮ್ಮನಂತೆ!"

"ಯಾವ ಅಮ್ಮನೂ ಅಲ್ಲ, ಹಬ್ಬಾನೂ ಅಲ್ಲ," ಎಂದೆ. ನನ್ನ ದನಿ ಹಾಲಿನಲ್ಲಿ ಅಷ್ಟು ಜೋರಾಗಿ ಕೇಳಿಸುತ್ತದೆಂದು ನನಗೇ ಗೊತ್ತಿರಲಿಲ್ಲ. "ಅದು ನಮ್ಮ ಪಾಪಕ್ಕ."

ಈ ಪಾಪಕ್ಕ ಯಾರೆಂದು ಹೇಳದೆ ಮುಂದೆ ಹೋದರೆ ನಿಮಗೆ ಮೋಸ ಮಾಡಿದ ಹಾಗೆ. ಅವಳು ನನ್ನ ಗಂಡನ ಅಕ್ಕ. ಯುದ್ಧದ ಕಾಲ, ಸೀಮೆಎಣ್ಣೆಗೂ ಸಕ್ಕರೆಗೂ ಪರದಾಡುತ್ತಿದ್ದ ದಿನಗಳಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಅಷ್ಟು ಹೊತ್ತಿಗೆ ಪಾಪಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸು ಬಂದು ಕೆಲವು ವರ್ಷವಾಗಿತ್ತು. ಅಂಚೆಟ್ಟಿ ಕಡೆ ಕೊಟ್ಟಿದ್ದರು. ಅಲ್ಲಿಂದ ಕಾಡುದಾರಿಯಲ್ಲಿ ಒಬ್ಬಳೇ ನಡೆದುಕೊಂಡು ಬಂದಳಂತೆ. ನಡಿಗೆ ಅಂದರೆ ಅವಳದೇ. ಉದ್ದನೆಯ ಆಳು, ದಾಪುಗಾಲು. ಬೈಯುವುದು ತೆಲುಗಿನಲ್ಲಿ, ಸಂತೆಯಲ್ಲಿ ಚೌಕಾಸಿ ತಮಿಳಿನಲ್ಲಿ, ಅಳುವುದಿದ್ದರೆ ಮಾತ್ರ ಕನ್ನಡದಲ್ಲಿ. ಅಳು ನನಗೆ ಕೇಳಿಸಿದ್ದು ಕಡಿಮೆ, ಬೈಗುಳದ ತೆಲುಗೇ ಹೆಚ್ಚು. ಅತ್ತೆ ಮಲಗಿದ ಮೇಲೆ ಕದ್ದು ಹೊಗೆಸೊಪ್ಪು ಹಾಕುತ್ತಿದ್ದಳು, ನನಗೂ ಒಂದು ಎಸಳು ಕೊಟ್ಟು ತಲೆ ತಿರುಗಿಸಿದ್ದಳು. ಹೊಸ ಸೊಸೆಗೆ ಅತ್ತೆಮನೆಯಲ್ಲಿ ಒಬ್ಬರಾದರೂ ಬೇಕಲ್ಲ, ನನಗೆ ಅವಳಿದ್ದಳು.

ಹುಡುಗಿಯಾಗಿದ್ದಾಗ ಅವಳ ರಂಗೋಲಿ ಇಡೀ ಬೀದಿಗೆ ಹೆಸರಾಗಿತ್ತಂತೆ. ಯಾರ ಮನೆಯಲ್ಲಿ ಮದುವೆಯಾದರೂ ಬಾಗಿಲಿಗೆ ಬರೆಯಲು ಅವಳನ್ನೇ ಕರೆಯುತ್ತಿದ್ದರು. ಗಂಡ ಸತ್ತ ದಿನ ಬಳೆ ಒಡೆದರು, ಕುಂಕುಮ ಅಳಿಸಿದರು, ರಂಗೋಲಿ ಬಟ್ಟಲನ್ನೂ ಕೈಯಿಂದ ತೆಗೆದುಕೊಂಡರು. ಬಳೆ ಗಂಡ ತಂದುಕೊಟ್ಟಿದ್ದು, ಹೋಗಲಿ. ರಂಗೋಲಿಯನ್ನು ಅವನೇನು ಕಲಿಸಿಕೊಟ್ಟಿದ್ದನೇ? ಈ ಪ್ರಶ್ನೆಯನ್ನು ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅತ್ತೆಗೆ ಕೇಳಿದ್ದೆ. ಅತ್ತೆ ಸೌಟು ಎತ್ತಿದರು.

ನನಗಾಗ ಹದಿನೆಂಟೋ ಹತ್ತೊಂಬತ್ತೋ, ಹೊಟ್ಟೆಯಲ್ಲಿ ಮೊದಲನೆಯ ಕೂಸು. ಆ ಚಳಿಗಾಲ ಊರಿಗೆ ಪ್ಲೇಗು ಬಂತು. ಮೊದಲು ಇಲಿ ಬಿದ್ದವು. ಮಾಡಿನಿಂದ ಇಲಿ ತಾನಾಗಿ ಬಿದ್ದು ಸತ್ತರೆ ಮನೆ ಬಿಡಬೇಕು, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ತಮಟೆ ಹೊಡೆಸಿ ಸಾರಿದರು. ಇಡೀ ಬೀದಿ ಬೀಗ ಹಾಕಿಕೊಂಡು, ದನ ಕರು ಪಾತ್ರೆ ಪಡಗ ಹೊತ್ತುಕೊಂಡು ಕೆರೆಯ ಹಿಂದಿನ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡಿತು. ಆರೋಗ್ಯ ಇಲಾಖೆಯವರು ಬಂದು ಎಲ್ಲರಿಗೂ ಸೂಜಿ ಚುಚ್ಚಿದರು. ಬಾವಿಗೆ, ಚರಂಡಿಗೆ ಹಾಕಲು ಬ್ಲೀಚಿಂಗ್ ಪುಡಿಯ ಡಬ್ಬಗಳನ್ನು ಇಳಿಸಿ ಹೋದರು. ಚರಂಡಿಯೇ ಇಲ್ಲದ ಬಯಲಿನಲ್ಲಿ ಆ ಡಬ್ಬಗಳು ಸುಮ್ಮನೆ ಬಿದ್ದಿದ್ದವು.

ಒಂದು ಸಂಜೆ ಬೀದಿಯ ಯಜಮಾನರು ಹೊಂಗೆ ಮರದ ಕೆಳಗೆ ಎಲ್ಲರನ್ನೂ ಸೇರಿಸಿದರು. ಖಾಲಿ ಊರಿಗೆ ಕಳ್ಳರು ನುಗ್ಗುತ್ತಾರೆಂದು ಸುದ್ದಿ. "ದಿನಾ ಬೆಳಗೆ ಯಾರಾನ ಒಬ್ರು ಹೋಗಿ ಬೀಗ ಮುಟ್ ನೋಡ್ಕಂಡ್ ಬರ್ಬೇಕು," ಎಂದರು. "ಮಕ್ಳು ಮರಿ ಇರೋರ್ನ ಕಳ್ಸಕಾಯ್ತದಾ? ಗಂಡುಸ್ರಿಗೇನಾನ ಆದ್ರೆ ಮನೆ ನಡ್ಸೋರ್ಯಾರು?"

ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು. ಹೆಸರು ಹೇಳಿದ್ದರೆ ಬೈಯಬಹುದಿತ್ತು. ಎಲ್ಲರ ಕಣ್ಣೂ ನಿಧಾನವಾಗಿ ತಿರುಗಿ ಒಂದು ಕಡೆ ನಿಂತವು, ಅಷ್ಟೇ. ಹೆತ್ತ ತಾಯಿ, ನನ್ನ ಅತ್ತೆ, ನೆಲ ನೋಡುತ್ತಾ ಕೂತಿದ್ದರು. ಪಾಪಕ್ಕ ಎದ್ದು ಸೆರಗು ಕೊಡವಿಕೊಂಡಳು. "ನಾನ್ ಹೋಗ್ತೀನಿ ಬುಡ್ರಿ. ಇಲೀಗೂ ನಂಗೂ ಏನ್ ದ್ವೇಸ?" ಎಂದಳು. ಎಲ್ಲರೂ ಉಸಿರು ಬಿಟ್ಟರು. ಪ್ಲೇಗಿನ ಬಾಯಿಗೆ ಒಬ್ಬ ಹೆಂಗಸನ್ನು ತಳ್ಳಿ ಎಷ್ಟು ಸಲೀಸಾಗಿ ಊಟಕ್ಕೆ ಎದ್ದರು ಗೊತ್ತೇ? ಅವತ್ತಿನ ಹುರುಳಿ ಸಾರನ್ನು ಚೆನ್ನಾಗಿದೆ ಎಂದು ಹೊಗಳಿದವರೂ ಇದ್ದರು.

ಅವಳು ದಿನಾ ಬೆಳಕು ಹರಿಯುವ ಹೊತ್ತಿಗೆ ಹೋಗಿ ಬಿಸಿಲೇರುವ ಮುಂಚೆ ಬರುತ್ತಿದ್ದಳು. ಕೆಲವು ದಿನವಾದ ಮೇಲೆ ಅವಳ ಬಲಗೈ ಬೆರಳುಗಳು ಬೆಂದ ಹಾಗೆ ಕೆಂಪಗಾಗಿ, ತುದಿಯಲ್ಲಿ ಸಿಪ್ಪೆ ಎದ್ದಿದ್ದನ್ನು ಕಂಡೆ. ಪ್ಲೇಗಿನ ಗುರುತೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಗುಡಿಸಲ ಹಿಂದೆ ಕೂರಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಾ ಬಿಡದೆ ಕೇಳಿದೆ.

"ಯಾರ್ಗೂ ಹೇಳ್ಬ್ಯಾಡ," ಎಂದಳು. "ಬೀದಿ ನೋಡಕ್ಕಾಗ್ನಿಲ್ಲ ಕಣೇ. ಒಂದ್ ಬಾಗ್ಲಾಗೂ ಒಂದ್ ಗೆರೆ ಇಲ್ಲ. ಎಲ್ಲಾರ್ ಮನೇಲೂ ಹೆಣ ಎತ್ತವ್ರೇನೋ ಅನ್ನಂಗೆ. ಬದ್ಕಿರೋರ್ ಮನೆ ಕಣೇ ಅವು. ಅದ್ಕೆ ಬರ್ದೆ."

ನಮ್ಮ ಕಡೆ ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ, ನಿಮಗೂ ಗೊತ್ತಿರುವುದೇ. ಸಾವೇ ಆಗದ ಮನೆಗಳೂ ಹಾಗೆ ಸಾಲಾಗಿ ಬೋಳಾಗಿ ನಿಂತಿದ್ದನ್ನು ನೋಡಿದವಳು ಅವಳೊಬ್ಬಳೇ. ರಂಗೋಲಿ ಪುಡಿ ಎಲ್ಲಿತ್ತು? ಬೀಗದೊಳಗೆ. ಕೈಗೆ ಸಿಕ್ಕಿದ್ದು ಬ್ಲೀಚಿಂಗ್ ಪುಡಿ. ಅದರಿಂದಲೇ ಬೆರಳು ಬೆಂದಿದ್ದು. ಚುಕ್ಕಿ ಇಟ್ಟು ಬರೆಯಬೇಕೆಂದರೆ ಕೂರಬೇಕು. "ಕುಂತ್ರೆ ಚಿಗಟ ಹತ್ತಾವೆ, ಅದ್ಕೆ ನಡೀತಾನೇ ಬರ್ದೆ," ಎಂದಳು. ಸತ್ತ ಇಲಿಯ ಮೈಯಿಂದ ಇಳಿದ ಚಿಗಟ ಕಚ್ಚಿದರೆ ಪ್ಲೇಗು ಎಂದು ಸೂಜಿ ಹಾಕುವವರು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಸೊಂಟ ಬಗ್ಗಿಸಿ, ತಾನು ಬರೆದದ್ದನ್ನು ತಾನೇ ತುಳಿಯದ ಹಾಗೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ, ಪುಡಿ ಬಿಡುತ್ತಾ ಹೋಗುವುದು. ಒಂದು ಕೈಯಲ್ಲಿ ಬೀಗ ಮುಟ್ಟುವುದು, ಇನ್ನೊಂದು ಕೈ ನಿಲ್ಲುವುದಿಲ್ಲ. ಹೀಗೆ ನಡೆದದ್ದರಿಂದ ಗೆರೆ ಯಾವ ಬಾಗಿಲಲ್ಲೂ ಮುಗಿಯಲಿಲ್ಲ. ಒಬ್ಬರ ಮನೆ ನೀರು ಒಬ್ಬರು ಮುಟ್ಟದವರ ಬಾಗಿಲುಗಳೂ, ಬೇಲಿ ಜಗಳಕ್ಕೆ ಮಾತು ಬಿಟ್ಟವರ ಬಾಗಿಲುಗಳೂ ಒಂದೇ ಎಳೆಯಲ್ಲಿ ಸೇರಿಹೋದವು. ಅವಳಿಗೆ ಅದರ ಮೇಲೆ ಯಾವ ದೊಡ್ಡ ಆಲೋಚನೆಯೂ ಇರಲಿಲ್ಲ. ಚಿಗಟದ ಭಯ ಇತ್ತು, ಬೋಳು ಬಾಗಿಲ ಮೇಲೆ ಕರುಳು ಚುರುಕ್ ಎಂದಿತ್ತು, ಅಷ್ಟೇ.

ಒಂದು ಬೆಳಿಗ್ಗೆ ಇಲಾಖೆಯವನೊಬ್ಬ ಮೂರು ಕಾಲಿನ ಕ್ಯಾಮರಾದವನನ್ನು ಕರೆದುಕೊಂಡು ಬಂದಿದ್ದನಂತೆ, ಊರು ಖಾಲಿ ಮಾಡಿಸಿದ್ದೇವೆಂದು ಮೇಲಿನವರಿಗೆ ತೋರಿಸಲು. ಖಾಲಿ ಬೀದಿಯಲ್ಲಿ ಇವಳೊಬ್ಬಳು ಇದ್ದಾಳಲ್ಲ! ಪಕ್ಕಕ್ಕೆ ಹೋಗೆಂದು ತಮಿಳಿನಲ್ಲಿ ಕೂಗಿದನಂತೆ. "ಪೋಮ್ಮಾ ಪೋಮ್ಮಾ ಅಂದ. ನಾನ್ಯಾಕ್ ಹೋಗ್ಲಿ? ನನ್ ಕೆಲ್ಸ ಮುಗಿದಿರ್ನಿಲ್ಲ. ಅಂಗೇ ಬರೀತಾ ಹೋದೆ," ಎಂದು ಪಾಪಕ್ಕ ನಕ್ಕಳು. ಫೋಟೋದಲ್ಲಿ ಅವಳು ಮಸುಕಾಗಿ ಮೂಡಿದ್ದು ಅದಕ್ಕೇ. ನಿಲ್ಲು ಎಂದರೆ ನಿಲ್ಲುವ ಹೆಂಗಸಾಗಿರಲಿಲ್ಲ ಅವಳು.

ಬಿಸಿಲು ಬಲಿತು ಪ್ಲೇಗು ಇಳಿಯಿತು. ಒಂದು ಶುಕ್ರವಾರ ಬೆಳಿಗ್ಗೆ ತಮಟೆಯೊಂದಿಗೆ ಎಲ್ಲರೂ ಬೀದಿಗೆ ವಾಪಸು ಬಂದೆವು. ಮುಂದೆ ಯಜಮಾನರು, ಅವರ ಹಿಂದೆ ಮುತ್ತೈದೆಯರು, ಎಲ್ಲರಿಗಿಂತ ಹಿಂದೆ ಪಾಪಕ್ಕ. ಬೀದಿಯ ಬಾಯಿಗೆ ಬಂದವರು ತಟ್ಟನೆ ನಿಂತರು. ತಮಟೆಯೂ ನಿಂತಿತು. ಇಡೀ ಬೀದಿಯ ಉದ್ದಕ್ಕೂ ಬಾಗಿಲಿಂದ ಬಾಗಿಲಿಗೆ ರಂಗೋಲಿ, ಒಂದು ಕಡೆಯೂ ಕಡಿಯದೆ. ಯಾರೋ ಒಬ್ಬಳು "ಅಮ್ಮಾ!" ಎಂದು ಚೀರಿ ಅಡ್ಡಬಿದ್ದಳು. ಅಲ್ಲಿಗೆ ಮುಗಿಯಿತು. ನಾವು ಊರು ಬಿಟ್ಟರೂ ಅಮ್ಮ ಬಿಡಲಿಲ್ಲ, ಬಾಗಿಲು ಬಾಗಿಲಿಗೆ ನಡೆದು ಕಾದಳು ಎಂದರು. ಹೂ ಎಂದರೆ ಹಾರ ಎನ್ನುವ ಜನ. ಬಗ್ಗಿ ನೋಡಿ ಇರುವೆ ಮುತ್ತಿಲ್ಲ ಎಂದರು. ಬ್ಲೀಚಿಂಗ್ ಪುಡಿಗೆ ಯಾವ ಇರುವೆ ಮುತ್ತುತ್ತದೆ? ಘಾಟು ವಾಸನೆ ಬರುತ್ತದೆ, ಅಮ್ಮನ ಸತ್ಯದ ವಾಸನೆ ಎಂದರು. ಸರ್ಕಾರದ ಡಬ್ಬದ ವಾಸನೆ ಅದು! ಗೆರೆಯ ಮೇಲೆ ಕರ್ಪೂರ ಹಚ್ಚಿದರು, ತೆಂಗಿನಕಾಯಿ ಒಡೆದರು. ನನ್ನ ಮೂಗಿಗೆ ಆ ಕರ್ಪೂರ ಅವತ್ತು ಹತ್ತಿದ್ದು ಇನ್ನೂ ಇಳಿದಿಲ್ಲ.

ಪಾಪಕ್ಕ ಮುಂದೆ ಬಂದು ತನ್ನ ತಾಯಿಯ ಪಕ್ಕ ನಿಂತಳು. ಮುಖದಲ್ಲಿ ನಗು. ಇಷ್ಟು ಜನ ತನ್ನ ರಂಗೋಲಿ ನೋಡಿ ಎಷ್ಟು ವರ್ಷವಾಗಿತ್ತೋ! "ಅವ್ವಾ, ಇದು ನಾನೇ ಕಣವ್ವಾ..." ಎಂದಳು.

ಅತ್ತೆ ಅವಳ ಬಾಯಿಗೆ ಕೈ ಅಡ್ಡ ಹಿಡಿದರು. "ಬಾಯ್ ಮುಚ್ಚು. ಗಂಡ ಸತ್ತೋಳು ನಮ್ ಬಾಗ್ಲಿಗೆಲ್ಲಾ ರಂಗೋಲಿ ಎಳುದ್ಲು ಅಂತ ಗೊತ್ತಾದ್ರೆ ಇಲ್ಲೇ ಸಿಗ್ದಾಕ್ತಾರೆ. ಇನ್ಮುಂದೆ ಬೀದೀಲಿ ಯಾರ್ ಸತ್ರೂ ನಿನ್ ತಲೇಗೇ ಕಟ್ತಾರೆ."

"ಅತ್ತೆ, ಪಾಪಕ್ಕನೇ ಅಲ್ವಾ..." ಎಂದು ನಾನು ಬಾಯಿ ಹಾಕಿದೆ. ಬಸುರಿ ಎಂದೂ ನೋಡದೆ ತೊಡೆ ಚಿವುಟಿದರು. ಅವರನ್ನು ಪೂರಾ ಬೈಯಲು ನನಗೆ ಆಗುವುದಿಲ್ಲ. ಮಗಳನ್ನು ಉಳಿಸಿಕೊಳ್ಳಲು ಹೆದರಿದ ತಾಯಿ ಅವರು. ಆದರೆ ಹೊಂಗೆ ಮರದ ಕೆಳಗೆ ಆ ಭಯ ಎಲ್ಲಿಗೆ ಹೋಗಿತ್ತು ಎಂದು ಕೇಳದೆ ಇರಲೂ ಆಗುವುದಿಲ್ಲ.

ಮುಂದಿನ ವರ್ಷ ಅದೇ ಶುಕ್ರವಾರ ಪೂಜೆ ಎಂದು ಗೊತ್ತುಮಾಡಿದರು. ಬೀದಿಗೆ ಹೊಸ ದೇವರು ಹುಟ್ಟಿದಳು, ನಡೆದಮ್ಮ. ಕಟ್ಟುಪಾಡುಗಳೂ ಹುಟ್ಟಿದವು. ಅವತ್ತು ಬೆಳಿಗ್ಗೆ ಮುತ್ತೈದೆಯರು ಮಾತ್ರ ಬಾಗಿಲಿಗೆ ರಂಗೋಲಿ ಹಾಕಬೇಕು. ಒಬ್ಬರ ಗೆರೆ ಇನ್ನೊಬ್ಬರ ಬಾಗಿಲಿಗೆ ದಾಟಬಾರದು, ದಾಟಿಸುವುದು ಅಮ್ಮನಿಗೆ ಮಾತ್ರ ಸಲ್ಲುವುದು. ಇನ್ನೊಂದು ಕೇಳಿ. ಗಂಡ ಸತ್ತವರು ಪೂಜೆ ಮುಗಿಯುವವರೆಗೆ ಹಿತ್ತಲಲ್ಲಿರಬೇಕು, ಅಮ್ಮ ನಡೆದ ಬೀದಿಗೆ ಅವರ ನೆರಳು ಬೀಳಬಾರದು! ಬರೆದವಳನ್ನೇ ಹೊರಗಿಟ್ಟು ಅವಳು ಬರೆದದ್ದಕ್ಕೆ ಹಬ್ಬ ಮಾಡಿದವರು ಈ ಭೂಮಿಯ ಮೇಲೆ ನಮ್ಮ ಬೀದಿಯವರನ್ನು ಬಿಟ್ಟು ಇನ್ನಾರಾದರೂ ಇದ್ದಾರೆಯೇ? ಇದ್ದರೆ ದಯವಿಟ್ಟು ತಿಳಿಸಿ, ಸ್ವಲ್ಪ ಸಮಾಧಾನವಾಗುತ್ತದೆ.

ವರ್ಷ ವರ್ಷ ಕಥೆಗೆ ಕೈಕಾಲು ಬೆಳೆಯಿತು. ಅಮ್ಮನ ಗೆಜ್ಜೆಯ ಸದ್ದು ತನ್ನ ಕಿವಿಯಾರೆ ಕೇಳಿದೆ ಎಂದು ಒಬ್ಬ ಹೇಳುತ್ತಿದ್ದ. ಆ ಮನುಷ್ಯ ಅಷ್ಟೂ ದಿನ ಕೆರೆಯ ಆಚೆ ಗುಡಿಸಲಿನಲ್ಲಿ ಗೊರಕೆ ಹೊಡೆಯುತ್ತಿದ್ದದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

ಪಾಪಕ್ಕನಿಗೆ ಆ ಹಬ್ಬದಲ್ಲಿ ಒಂದು ಕೆಲಸ ಕೊಟ್ಟಿದ್ದರು. ಹಿತ್ತಲಲ್ಲಿ ಕೂತು ರಂಗೋಲಿ ಕಲ್ಲು ಕುಟ್ಟಿ, ಜರಡಿ ಹಿಡಿದು, ಇಡೀ ಬೀದಿಗೆ ಪುಡಿ ಮಾಡಿಕೊಡುವುದು. ಅವಳು ಕುಟ್ಟಿದ ಪುಡಿಗೆ ಮೈಲಿಗೆಯಿಲ್ಲ, ಅವಳು ಎಳೆದ ಗೆರೆಗೆ ಉಂಟು. ಈ ಲೆಕ್ಕ ನನಗೆ ಇನ್ನೂ ಬಿಡಿಸಲು ಆಗಿಲ್ಲ. ನಾನು ಮುಂಬಾಗಿಲಲ್ಲಿ ಬರೆದು ಮುಗಿಸಿ, ಬಟ್ಟಲು ಹಿಡಿದುಕೊಂಡೇ ಹಿತ್ತಲಿಗೆ ಓಡುತ್ತಿದ್ದೆ. ಒರಳ ಪಕ್ಕದ ನೆಲದಲ್ಲಿ ಅವಳು ನನಗೆ ಆ ಬಳ್ಳಿಯ ಗೆರೆಯನ್ನು ಕಲಿಸಿದಳು, ಎಲ್ಲಿ ತಿರುಗಿಸಬೇಕು, ಎಲ್ಲಿ ಉಸಿರು ಬಿಡಬೇಕು. ಕಲಿಸಿ ಕಾಲಿನಿಂದ ಅಳಿಸಿಬಿಡುತ್ತಿದ್ದಳು.

"ದೇವ್ರಾಗ್ಬುಟ್ಟೆ ಕಣೇ ನಾನು," ಎನ್ನುತ್ತಿದ್ದಳು. "ದೇವ್ರಾದ್ರೂವೆ ಹಿತ್ಲು ಬುಡ್ನಿಲ್ಲ ನೋಡು." ಇಬ್ಬರೂ ನಗುತ್ತಿದ್ದೆವು. ಒಂದು ವರ್ಷ ಮಾತ್ರ ನಗಲಿಲ್ಲ. ಆಚೆ ಬೀದಿಯಲ್ಲಿ ಮಂಗಳಾರತಿಯ ಗಂಟೆ ಹೊಡೆಯುತ್ತಿತ್ತು. ಒನಕೆ ಕೆಳಗಿಟ್ಟು ಹೇಳಿದಳು. "ಪೂಜೆ ಗೀಜೆ ಬ್ಯಾಡ ಕಣೇ ನಂಗೆ. ಇದು ಪಾಪಕ್ಕ ಬರ್ದಿದ್ದು, ಸಂದಾಗೈತೆ ಅಂತ ಯಾರಾನ ಒಬ್ರು ಅಂದಿದ್ರೆ ಸಾಕಾಗಿತ್ತು." ನಾನು ಅಂದೆ, "ಸಂದಾಗೈತೆ ಅಕ್ಕಾ." "ನೀನಲ್ಲಮ್ಮಾ," ಎಂದಳು, "ಬೀದಿಯೋರು." ಅಳು ಕನ್ನಡದಲ್ಲಿ ಬಂದದ್ದು ಆವತ್ತು.

ಅವಳು ಸತ್ತು ಬಹಳ ಕಾಲವಾಯಿತು. ಸತ್ತ ದಿನ ಪದ್ಧತಿಯಂತೆ ನಮ್ಮ ಬಾಗಿಲಿಗೆ ರಂಗೋಲಿ ಹಾಕಲಿಲ್ಲ. ಊರಿನವರ ಬಾಗಿಲು ಬೋಳಾಗಿದ್ದನ್ನು ನೋಡಲಾರದೆ ಬೆರಳು ಬೇಯಿಸಿಕೊಂಡವಳು ಬೋಳು ಬಾಗಿಲಿಂದ ಹೊರಗೆ ಹೋದಳು. ಆಮೇಲೆ ನಮ್ಮೆಜಮಾನರೂ ಹೋದರು, ನಾನೂ ಗಂಡ ಸತ್ತವಳಾದೆ. ಬಟ್ಟಲು ಸೊಸೆಯ ಕೈಗೆ ಹೋಯಿತು, ಆ ಶುಕ್ರವಾರದ ಹಿತ್ತಲು ನನ್ನ ಪಾಲಿಗೆ ಬಂತು. ಯಾರೂ ಹೇಳಿ ಕಳಿಸಲಿಲ್ಲ. ಕಣ್ಣು ತಿರುಗಿದವು, ಅಷ್ಟೇ.

ಈಗ ಹಾಲಿಗೆ ವಾಪಸು ಬನ್ನಿ. ನಾನು ಕೂಗಿದ್ದಕ್ಕೆ ನಮ್ಮ ಬೀದಿಯ ಹೆಂಗಸರು ತಿರುಗಿ ನೋಡಿ, "ಅಂಗನ್ಬಾರ್ದು ಅಜ್ಜೀ, ತಪ್ಪಾಯ್ತದೆ," ಎಂದು ಕೆನ್ನೆ ಬಡಿದುಕೊಂಡರು. ಗದ್ದಲ ಕೇಳಿ ಚಿತ್ರಗಾರ ಓಡಿ ಬಂದ. ನನಗೋ ಬೈಯಲು ಒಬ್ಬರು ಬೇಕಿತ್ತು. "ಯಾರಪ್ಪಾ ನಿನಗೆ ಹಬ್ಬ ಅಂತ ಹೇಳಿದ್ದು? ಊರು ಸಾಯ್ತಿದ್ದಾಗ ತೆಗೆದ ಫೋಟೋ ಇದು. ನಡ್ಕೊಂಡ್ ಹೋಗ್ತಾ ಗೀಚಿದ್ರೆ ಹಿಂಗೇ ಆಗೋದು, ಒಂದು ಕಡೆ ನಿಂತು ಕೇಳಿದ್ರೆ ತಾನೇ ಗೊತ್ತಾಗೋದು!" ಎಂದು ಶುರುಮಾಡಿ, ನಿಮಗೆ ಹೇಳಿದ್ದನ್ನೆಲ್ಲ ಅವನ ಮೇಲೆ ಸುರಿದೆ.

ಅವನು ಕೊನೆಯವರೆಗೂ ಕೇಳಿ, ನನ್ನನ್ನು ಪಾಟಿ, ಅಂದರೆ ಅಜ್ಜಿ, ಎನ್ನುತ್ತಾ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ. "ಬೀದಿಯವರು ಹೇಳಿದ್ದನ್ನ ಬರೆದೆ ಪಾಟಿ. ಆದರೆ ನನಗೂ ಒಂದು ಸಂದೇಹ ಇತ್ತು. ಫೋಟೋ ನೋಡಿಕೊಂಡು ಆ ಗೆರೆ ಹೋದ ದಾರಿಯಲ್ಲೇ ನಾನೂ ನಡೆದೆ, ಬರೆದೆ. ಎಲ್ಲಾ ಒಂದೇ ಕೈ. ಮುಂದಕ್ಕೆ ನಡೆದರೆ ಆ ತಿರುವು ಬರಲ್ಲ, ಹಿಂದಕ್ಕೆ ನಡೆದರೆ ಬರ್ತದೆ. ಅಮ್ಮ ಯಾಕೆ ಹಿಂದಕ್ಕೆ ನಡೀಬೇಕು ಅಂತ ನಾನೂ ಯೋಚಿಸಿದೆ."

ನನ್ನ ಬಾಯಲ್ಲಿದ್ದ ಮಿಕ್ಕ ಬೈಗುಳವನ್ನು ನುಂಗಬೇಕಾಯಿತು. ಐವತ್ತು ವರ್ಷ ಆ ಗೆರೆಗೆ ಕೈಮುಗಿದವರಿದ್ದರು, ಅದನ್ನು ನೋಡಿದವನು ಇವನೊಬ್ಬನೇ. ಅವನು ಫೋಟೋದ ಮೇಲಿನ ಹಾಳೆಯನ್ನು ಎತ್ತಿ ಹಿಡಿದು, "ತುಂಬ ಚೆನ್ನಾಗಿ ಬರೆದಿದಾರೆ ಪಾಟಿ, ಅವರ ಹೆಸರೇನಂದ್ರಿ?" ಎಂದು ಮತ್ತೆ ಕೇಳಿದ. ಚೀಟಿ ಕಿತ್ತು, ಹೊಸದೊಂದು ರಟ್ಟು ಕೊಟ್ಟು, ತನಗೆ ಕನ್ನಡ ಬರೆಯಲು ಬರುವುದಿಲ್ಲ, ನೀವೇ ಬರೆಯಿರಿ ಎಂದು ಪೆನ್ನು ಕೈಗಿಟ್ಟ. ನಾನು ಬರೆದೆ: 'ಇವಳು ಪಾಪಕ್ಕ. ಗಂಡ ಸತ್ತವಳು. ಈ ಬೀದಿಯ ರಂಗೋಲಿಯೆಲ್ಲ ಇವಳದು.' ನಿಂತುಕೊಂಡೇ ಬರೆದದ್ದಕ್ಕೆ ಅಕ್ಷರ ಅವನ ಚಿತ್ರಗಳಷ್ಟೇ ಸೊಟ್ಟಗಾಯಿತು.

ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿ ಕೆಲಮಂಗಲ ಸೇರಿತ್ತು. ಮಾರನೆಯ ದಿನ ಹಳೆಯ ಯಜಮಾನರ ಮೊಮ್ಮಗ ಮನೆಗೆ ಬಂದ. ಈಗ ಪೂಜೆ ಕಮಿಟಿಗೆ ಅವನೇ ದೊಡ್ಡವನು, ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಒಳ್ಳೆಯ ಮಾತಿನವನು, ಅಜ್ಜನ ಹಾಗೆ. ಕಾಫಿ ಲೋಟ ಹಿಡಿದು ಕೂತು ಹೇಳಿದ. "ದೊಡ್ಡಮ್ಮಾ, ನೀವ್ ಹೇಳಾದೂ ಸರಿ, ಜನ ನಂಬಿರಾದೂ ಸರಿ. ಯಾರ್ಗೂ ಬೇಜಾರಾಗ್ದಂಗೆ ಒಂದ್ ಮಾತ್ ಹೇಳ್ತೀನಿ. ಅಮ್ಮ ಪಾಪಕ್ಕನ್ ಮೈಮ್ಯಾಲೆ ಬಂದು ಬರ್ಸಿದ್ಲು ಅಂತ ಇಟ್ಕಂಬುಡಾನ. ಪಾಪಕ್ಕನ್ ಹೆಸ್ರೂ ಉಳೀತದೆ, ಅಮ್ಮನ್ ಪೂಜೇನೂ ಉಳೀತದೆ."

ಮೂಲೆಯಲ್ಲಿ ನಿಂತಿದ್ದ ನನ್ನ ಮಗ, "ಒಪ್ಕೊಂಬುಡಮ್ಮಾ," ಎಂದು ಕಣ್ಣಲ್ಲೇ ಬೇಡಿಕೊಂಡ. ಎಂಥ ಚೆಂದದ ಬಲೆ ನೋಡಿ. ಬದುಕಿದ್ದಾಗ ಬಟ್ಟಲು ಕಿತ್ತುಕೊಂಡರು, ಬರೆದದ್ದನ್ನು ಕಿತ್ತುಕೊಂಡರು. ಸತ್ತ ಮೇಲೆ ಉಳಿದಿದ್ದು ಅವಳ ಮನಸ್ಸೊಂದು, ಅದನ್ನೂ ಹಾರ ಹಾಕಿ ಒಯ್ಯಲು ಬಂದಿದ್ದರು.

"ಮೈಮೇಲೆ ಬಂದಿದ್ದು ಚಿಗಟ ಕಣಪ್ಪಾ," ಎಂದೆ. "ಬೇರೆ ಯಾರೂ ಬರ್ಲಿಲ್ಲ. ನಿಮ್ಮ ತಾತ ಸಾಯಾಕೆ ಅಂತ ಕಳ್ಸಿದ್ರು, ಅವ್ಳು ಹೋಗಿ ನಿಮ್ ಬಾಗ್ಲಿಗೂ ರಂಗೋಲಿ ಬರ್ದು ಬಂದ್ಲು. ಬುದ್ಧೀನೂ ಅವ್ಳದೇ, ಕರುಳೂ ಅವ್ಳದೇ, ಬೆಂದಿದ್ ಬೆರಳೂ ಅವ್ಳದೇ. ಅಮ್ಮನಿಗೆ ಕೈಮುಗೀರಿ, ನಾನೂ ಮುಗೀತೀನಿ. ಪಾಪಕ್ಕನ್ನ ಪಾಪಕ್ಕನ್ ಪಾಡಿಗೆ ಬಿಡ್ರಿ."

ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಪ್ರದರ್ಶನದ ರಟ್ಟನ್ನು ಎರಡೇ ದಿನಕ್ಕೆ ಯಾರೋ ಕಿತ್ತರಂತೆ. ಚಿತ್ರಗಾರ ಫೋನು ಮಾಡಿ ಹೇಳಿದ. ಇನ್ನೊಂದು ಬರೆದು ಬಸ್ಸಿನವನ ಕೈಯಲ್ಲಿ ಕಳಿಸಿದೆ. ಅದನ್ನೂ ಕಿತ್ತರು. ಮತ್ತೊಂದು ಕಳಿಸಿದೆ. ಬಿ.ಪಿ. ಏರಿತು, ಮಾತ್ರೆಯೂ ಏರಿತು.

ನಡೆದಮ್ಮನ ಶುಕ್ರವಾರ ಬಂದದ್ದು ಮೊನ್ನೆ. ಬೆಳಿಗ್ಗೆ ಸೊಸೆ ಬಾಗಿಲು ಸಾರಿಸಿ ಬಟ್ಟಲು ಹಿಡಿದು ನಿಂತಿದ್ದಳು. ನಾನು ಹಿತ್ತಲಿಗೆ ಹೋಗದೆ ಮುಂಬಾಗಿಲಿಗೆ ಬಂದು ಕೈ ಚಾಚಿದೆ. ಅವಳು ನನ್ನ ಮುಖ ನೋಡಿದಳು, ಬೀದಿ ನೋಡಿದಳು, ಬಟ್ಟಲು ಕೊಟ್ಟು ಪಕ್ಕಕ್ಕೆ ಸರಿದಳು. ಕೂರಲು ಮಂಡಿ ಕೊಡುವುದಿಲ್ಲ. ಸೊಂಟ ಬಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತಾ, ಪುಡಿ ಬಿಟ್ಟೆ. ಬಳ್ಳಿ ತಿರುಗಿತು. ನಮ್ಮ ಬಾಗಿಲು ಮುಗಿದರೂ ನಾನು ನಿಲ್ಲಿಸಲಿಲ್ಲ. ಪಕ್ಕದ ಮನೆಯವಳು ಗಲ್ಲದ ಮೇಲೆ ಕೈಯಿಟ್ಟು ನಿಂತಳು, ಎದುರು ಮನೆಯ ಬಾಗಿಲು ದಡ್ಡನೆ ಮುಚ್ಚಿತು. ಯಾರೋ "ಯಜಮಾನ್ರನ್ ಕರೀರ್ಲಾ!" ಎಂದು ಕೂಗಿದರು.

ಹೂವು ಮುಡಿದುಕೊಂಡು ಪೂಜೆಗೆ ಹೊರಟಿದ್ದ ಸಣ್ಣ ಹುಡುಗಿಯೊಬ್ಬಳು ನನ್ನ ಹಿಂದೆ ಬಂದು ನಿಂತಳು. ಕಮಿಟಿಯವರ ಹೊಸ ಕಥೆ ಆಗಲೇ ಮನೆಮನೆ ತಲುಪಿತ್ತೆಂದು ಕಾಣುತ್ತದೆ. ಭಯಭಕ್ತಿಯಿಂದ ಕೇಳಿದಳು.

"ಅಜ್ಜೀ, ನಿಮ್ ಮೈಮ್ಯಾಲೂ ಅಮ್ಮ ಬಂದವ್ಳಾ?"

"ಯಾರೂ ಬಂದಿಲ್ಲ ಕಣೇ. ನಾನೇ ಬಂದಿರೋದು," ಎಂದೆ. "ಒಸಿ ಜರುಗು, ಗೆರೆ ಮುಂದಕ್ ಹೋಗ್ಬೇಕು."